ಕೊಳವೆಬಾವಿಯ ಆಚೆ ತುದಿ

ಹೊರಕೆರೆದೇವಪುರದ ಹೆಸರಿನಲ್ಲೇ ಕೆರೆಯುಂಟು. ಆದರೆ ಆ ಭಾಗದ ಅಡಿಕೆ ತೋಟಗಳು ಹೆಚ್ಚಾಗಿ ನಂಬಿರುವುದು ಕೊಳವೆಬಾವಿಯನ್ನು. ಆ ನೀರನ್ನೆತ್ತುವ ವಿದ್ಯುತ್ತಿನ ಒಂದು ಪಾಲು ಕಲ್ಲಿದ್ದಲಿನದು. ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿಯಿಲ್ಲ. 1985ರಲ್ಲಿ ಆರಂಭವಾದ ರಾಯಚೂರು ಸ್ಥಾವರವಾಗಲಿ, ಅನಂತರ ಬಂದ ಬಳ್ಳಾರಿ, ಯರಮರಸ್ ಸ್ಥಾವರಗಳಾಗಲಿ ಉರಿಸುವುದು ಹೊರಗಿನವರ ನೆಲವನ್ನು ಬಗೆದು ತಂದ ಇಂಧನವನ್ನು.

ಅಂಥ ನೆಲಗಳಲ್ಲೊಂದು ಬರಾಂಜ್. ಅದು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಭದ್ರಾವತಿ ತಾಲ್ಲೂಕಿನಲ್ಲಿದೆ (ಉಕ್ಕಿನ ಕಾರ್ಖಾನೆಯ ನಮ್ಮ ಭದ್ರಾವತಿಯಲ್ಲ). 2003ರಲ್ಲಿ ಈ ನಿಕ್ಷೇಪ ಕರ್ನಾಟಕ ವಿದ್ಯುತ್ ನಿಗಮದ ಪಾಲಿಗೆ ಬಂದಿತು. 2014ರಲ್ಲಿ ಸುಪ್ರೀಂ ಕೋರ್ಟ್ ದೇಶದ 204 ಕಲ್ಲಿದ್ದಲ ಹಂಚಿಕೆಗಳನ್ನು ರದ್ದುಗೊಳಿಸಿದಾಗ ಕೈತಪ್ಪಿ, 2015ರಲ್ಲಿ ಮತ್ತೆ ನಿಗಮಕ್ಕೇ ದೊರೆಯಿತು. ಕಾಗದದ ಮೇಲಿನ ಈ ಏರಿಳಿತಗಳ ನಡುವೆ ಅಲ್ಲಿನ ಹಳ್ಳಿಗರು ಪುನರ್ವಸತಿಗಾಗಿ ಹೋರಾಡುತ್ತಲೇ ಬಂದರು. ಕನ್ನಡ ಪತ್ರಿಕೆಗಳಲ್ಲಿ ಅದು ಸುದ್ದಿಯಾದದ್ದು ಅಪರೂಪ.

ಹೊಳಲ್ಕೆರೆ, ಹೊಸದುರ್ಗದ ರೈತರಿಗೆ ಈ ಸಂಕಟ ಅಪರಿಚಿತವಲ್ಲ. ಭೀಮಸಮುದ್ರದ ಸುತ್ತ ಅದಿರಿನ ಲಾರಿಗಳ ಕೆಂಧೂಳು ಅಡಿಕೆಯ ಸೋಗೆ, ಹಿಂಗಾರಗಳ ಮೇಲೆ ಕುಳಿತುದನ್ನು ಕಂಡವರು ಅವರು. ಧೂಳು ಮೆತ್ತಿದ ಎಲೆ ಬೆಳಕನ್ನು ಪೂರ್ಣ ಹೀರಲಾರದು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಯಿತು. 2013ರಲ್ಲಿ ಷರತ್ತುಗಳೊಡನೆ ಮತ್ತೆ ಬಿಟ್ಟಿತು. ತನ್ನ ಗುಡ್ಡ ಉಳಿಯಲೆಂದು ದನಿಯೆತ್ತಿದ ಜಿಲ್ಲೆ ಚಂದ್ರಪುರದ ಹೊಲದ ಬಗ್ಗೆ ಮೌನವಾಗಿರುವುದು ನ್ಯಾಯವೆನಿಸದು.

ಲೆಕ್ಕ ಸರಳ. ಏಳೂವರೆ ಎಚ್‌ಪಿ ಪಂಪು ಆರು ಗಂಟೆ ಓಡಿದರೆ ಸುಮಾರು 33 ಯೂನಿಟ್ ಬೇಕು. ಅಷ್ಟೂ ಕಲ್ಲಿದ್ದಲಿನಿಂದಲೇ ಬಂದರೆ ಇಪ್ಪತ್ತು ಕಿಲೋಗೂ ಮೀರಿ ಉರಿಯಬೇಕು. ಅದರಲ್ಲಿ ಮೂರನೆಯ ಒಂದು ಭಾಗದಷ್ಟು ಬೂದಿಯಾಗಿ ಉಳಿಯುತ್ತದೆ. ನಿಜ, ಜಲವಿದ್ಯುತ್ತೂ ಸೌರವಿದ್ಯುತ್ತೂ ಜೋಗಿಮಟ್ಟಿಯ ಗಾಳಿಯಂತ್ರಗಳ ವಿದ್ಯುತ್ತೂ ಅದೇ ತಂತಿಯಲ್ಲಿ ಬೆರೆತಿರುತ್ತವೆ. ಆದರೂ ಮಳೆ, ಗಾಳಿ, ಬಿಸಿಲುಗಳಿಲ್ಲದ ಬೇಸಿಗೆಯ ರಾತ್ರಿ ಪಂಪು ಹಾಕುವವನು ಹೆಚ್ಚಾಗಿ ಬೂದಿಯ ಪಾಲುದಾರನೇ. 10 ಎಚ್‌ಪಿವರೆಗಿನ ಪಂಪುಗಳಿಗೆ ವಿದ್ಯುತ್ ಉಚಿತವಾದುದರಿಂದ ಈ ಲೆಕ್ಕ ರೈತನ ಬಿಲ್ಲಿಗೆ ಬರುವುದೇ ಇಲ್ಲ.

ಉಚಿತ ವಿದ್ಯುತ್ತನ್ನು ಕಿತ್ತುಕೊಳ್ಳಿರೆಂದು ಇಲ್ಲಿ ವಾದಿಸುತ್ತಿಲ್ಲ; ಬರದ ನಾಡಿನಲ್ಲಿ ಅದು ಕ್ರೌರ್ಯವಾದೀತು. ಪಂಪು ಓಡುವ ಗಂಟೆಗಳನ್ನು ಇಳಿಸುವ ದಾರಿಗಳಿವೆ. ಹನಿ ನೀರಾವರಿ ಅನೇಕರಲ್ಲಿದೆ, ಆದರೆ ಮಣ್ಣಿನ ತೇವ ನೋಡದೆ ವಿದ್ಯುತ್ ಇರುವಷ್ಟು ಹೊತ್ತೂ ಬಿಡುವ ರೂಢಿಯಿದೆ. ಬಿದ್ದ ಸೋಗೆಯನ್ನು ಸುಡದೆ ಬುಡಕ್ಕೆ ಹೊದಿಸಿದರೆ ತೇವ ಹೆಚ್ಚು ದಿನ ನಿಲ್ಲುತ್ತದೆ. ಹಗಲಿನಲ್ಲೇ ನೀರೆತ್ತುವ ಸೌರ ಪಂಪುಗಳು ಸಹಾಯಧನದಲ್ಲಿ ದೊರೆಯುತ್ತವೆ. ಅವುಗಳಿಂದಲೂ ಅಂತರ್ಜಲ ಬರಿದಾಗಬಹುದೆಂಬ ಎಚ್ಚರ ಬೇಕು. ಎಲ್ಲಕ್ಕಿಂತ ಮೊದಲು ಕೆರೆಗಳ ಹೂಳು ತೆಗೆಯಬೇಕು, ನೀರು ಬರುವ ಹಳ್ಳಗಳ ಒತ್ತುವರಿ ಬಿಡಿಸಬೇಕು. ಈ ಕೊನೆಯ ಕೆಲಸಕ್ಕೆ ಯಾವ ನಿಗಮದ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಾಡಿದರೂ ಆರಂಭವಾದೀತು.