ಬಿಸಿಲು ಹೆಚ್ಚೆಂದು ಗಾಳಿ ತೆಗೆಸಬೇಡಿ

ವೈಶಾಖ ಕಾಲಿಟ್ಟಿತೆಂದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ರಸ್ತೆಗಳು ಕಾದ ಹೆಂಚಿನಂತಾಗುತ್ತವೆ. ನೆರಳಿನಲ್ಲಿಯೇ ಉಷ್ಣತೆ 40 ಡಿಗ್ರಿ ದಾಟುವ ದಿನಗಳಿವು. ಶಾಲೆಗೆ ರಜೆ, ಊರೂರಲ್ಲಿ ಮದುವೆ. ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ವಾಹನಗಳು ದೂರಪ್ರಯಾಣಕ್ಕೆ ಹೊರಡುವ ಕಾಲವೂ ಇದೇ. ಪಂಕ್ಚರ್ ಅಂಗಡಿಯ ಮುಂದೆ ಈಗ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: “ಬಿಸಲ ಭಾಳ ಐತಿ, ಹವಾ ಸ್ವಲ್ಪ ಕಮ್ಮೀನ ಇರ್ಲಿ.”

ಕೇಳುವುದಕ್ಕೆ ಇದು ಯುಕ್ತವೆನಿಸುತ್ತದೆ. ಕಾದ ಗಾಳಿ ಹಿಗ್ಗುತ್ತದೆ, ಹಿಗ್ಗಿದರೆ ಟಾಯರು ಸಿಡಿದೀತು, ಆದುದರಿಂದ ಮೊದಲೇ ಕಡಿಮೆ ಮಾಡಿಟ್ಟುಕೊಳ್ಳುವುದು ಲೇಸು ಎಂಬುದು ಇದರ ಹಿಂದಿನ ತರ್ಕ. ಮೊದಲ ಮಾತು ಸರಿ, ಕೊನೆಯದು ಅಪಾಯಕರ.

ಗಾಳಿಯ ಒತ್ತಡ ಎಷ್ಟು ಏರುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಮುಂಜಾನೆ 32 ಪಿಎಸ್‌ಐ ಇದ್ದ ಕಾರಿನ ಗಾಲಿಯಲ್ಲಿ ಉಷ್ಣತೆ 10 ಡಿಗ್ರಿ ಹೆಚ್ಚಿದರೆ ಒತ್ತಡ ಹೆಚ್ಚುವುದು ಸುಮಾರು ಒಂದೂವರೆ ಪಿಎಸ್‌ಐ ಮಾತ್ರ. ಬಿಸಿಲೂ ಓಟವೂ ಕೂಡಿ 30 ಡಿಗ್ರಿ ಏರಿತೆನ್ನಿ, ನಾಲ್ಕೈದು ಪಿಎಸ್‌ಐ ಏರೀತು. ತಯಾರಕರು ಈ ಏರಿಕೆಯನ್ನು ಎಣಿಸಿಯೇ ತಣ್ಣಗಿನ ಗಾಲಿಗೆ ಇಷ್ಟೆಂದು ಸೂಚಿಸಿರುತ್ತಾರೆ. ಸುಸ್ಥಿತಿಯಲ್ಲಿರುವ ಟಾಯರು ಅಷ್ಟಕ್ಕೆ ಸಿಡಿಯದು.

ಗಾಳಿ ಕಡಿಮೆಯಾದ ಟಾಯರಿನ ಕಥೆಯೇ ಬೇರೆ. ಅದರ ಪಕ್ಕದ ಗೋಡೆ ನೆಲಕ್ಕೆ ತಾಗಿದೆಡೆ ಮಡಚುತ್ತದೆ, ಮೇಲೆ ಹೋದಾಗ ಬಿಚ್ಚಿಕೊಳ್ಳುತ್ತದೆ. ತಂತಿಯೊಂದನ್ನು ಹಿಂದೆಮುಂದೆ ಬಗ್ಗಿಸಿದರೆ ಬಗ್ಗಿದ ಜಾಗ ಬಿಸಿಯಾಗುವುದನ್ನು ಮಕ್ಕಳೆಲ್ಲರೂ ಬಲ್ಲರು. ಕಾರಿನ ಗಾಲಿ ಒಂದು ಕಿಲೋಮೀಟರಿಗೆ ಸುಮಾರು 500 ಸುತ್ತು ಉರುಳುತ್ತದೆ. ಸೊಲ್ಲಾಪುರದಿಂದ ಪುಣೆಗೆ ಸುಮಾರು 250 ಕಿಲೋಮೀಟರು. ಅಂದರೆ ಒಂದೂಕಾಲು ಲಕ್ಷ ಬಾರಿ ಮಡಚುವಿಕೆ, ಅದೂ ಕಾದ ರಸ್ತೆಯ ಮೇಲೆ, ತುಂಬಿದ ಭಾರದಲ್ಲಿ, ವೇಗದಲ್ಲಿ. ಒಳಗಿನ ದಾರದ ಪದರಗಳು ರಬ್ಬರಿನಿಂದ ಬಿಡಿಸಿಕೊಳ್ಳುವುದು ಈ ಶಾಖದಿಂದ. ಸಿಡಿಯಬಾರದೆಂದು ಗಾಳಿ ತೆಗೆಸಿದವರು ಸಿಡಿಯುವ ದಾರಿಯನ್ನು ತಾವೇ ಸುಗಮ ಮಾಡಿಕೊಡುತ್ತಾರೆ. 2022ರ ಡಿಸೆಂಬರಿನಲ್ಲಿ ಮೊದಲ ಹಂತ ತೆರೆದ ನಮ್ಮ ರಾಜ್ಯದ ಸಮೃದ್ಧಿ ಮಹಾಮಾರ್ಗದಲ್ಲಿ ಟಾಯರು ಸಿಡಿದು ಅಪಘಾತಗಳಾದ ಮೇಲೆ ಆರ್‌ಟಿಒ ಸಿಬ್ಬಂದಿ ವಾಹನಗಳ ಟಾಯರುಗಳನ್ನು ಪರೀಕ್ಷಿಸತೊಡಗಿದರು.

ಹಾಗೆಂದು ಮಿತಿಮೀರಿ ತುಂಬಿಸುವುದೂ ಸಲ್ಲದು. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದುದೆಂದು ಮಕ್ಕಳು ವಿಜ್ಞಾನದ ಪಾಠದಲ್ಲಿ ಓದಿರುತ್ತಾರೆ. 900 ಕಿಲೋ ತೂಕದ ಕಾರಿನ ಒಂದೊಂದು ಗಾಲಿಯ ಮೇಲೆ 225 ಕಿಲೋ ಭಾರ. 32 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡೂಕಾಲು ಕಿಲೋ. ಭಾಗಿಸಿದರೆ ಬರುವುದು 100 ಚದರ ಸೆಂಟಿಮೀಟರು, ಹೆಚ್ಚುಕಡಿಮೆ ಒಂದು ಅಂಗೈಯಗಲ. ಬ್ರೇಕು ಹಾಕಿದಾಗ ಇಡೀ ಕುಟುಂಬವನ್ನು ಹಿಡಿದು ನಿಲ್ಲಿಸುವುದು ಇಂತಹ ನಾಲ್ಕು ಅಂಗೈಗಳಷ್ಟು ರಬ್ಬರು. ಗಾಳಿ ವಿಪರೀತವಾದರೆ ಈ ಅಂಗೈಯೂ ಕುಗ್ಗುತ್ತದೆ, ಟಾಯರಿನ ನಡುಭಾಗ ಬೇಗ ಸವೆಯುತ್ತದೆ. ಕಡಿಮೆಯಾದರೆ ಸವೆಯುವುದು ಎರಡೂ ಅಂಚು.

ಹಾಗಾದರೆ ಸರಿಯಾದ ಅಂಕಿ ಯಾವುದು? ಅದು ಟಾಯರಿನ ಮೇಲೆ ಇಲ್ಲ. ಹಲವು ಕಾರುಗಳ ಟಾಯರಿನ ಪಕ್ಕದಲ್ಲಿ ಅಚ್ಚಾಗಿರುವ 44 ಅಥವಾ 51 ಎಂಬುದು ಟಾಯರಿಗೆ ಹೇಳಿದ ಗರಿಷ್ಠ ಮಿತಿ, ನಿತ್ಯದ ಬಳಕೆಗಲ್ಲ. ನಿಮ್ಮ ವಾಹನದ ಅಂಕಿ ಚಾಲಕನ ಬಾಗಿಲು ತೆರೆದಾಗ ಕಾಣುವ ಚೀಟಿಯಲ್ಲಿದೆ. ಮೋಟಾರ್ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಚೈನ್ ಕವರಿನ ಮೇಲೆ ಅಥವಾ ಹಿಂದಿನ ಗಾಲಿಯ ಬಳಿ ಇರುತ್ತದೆ. ಅಳಿಸಿಹೋಗಿದ್ದರೆ ವಾಹನದೊಡನೆ ಬಂದ ಪುಸ್ತಿಕೆಯಲ್ಲಿ ನೋಡಬೇಕು. ಅಲ್ಲಿ ಎರಡು ಅಂಕಿಗಳಿರುವುದನ್ನು ಪಾಲಕರು ಗಮನಿಸಬೇಕು. ಸಾಮಾನ್ಯ ನೂರು ಸಿಸಿ ಬೈಕಿಗೆ ಒಬ್ಬರೇ ಸವಾರರಾದರೆ ಹಿಂದಿನ ಗಾಲಿಗೆ 28ರ ಆಸುಪಾಸು, ಇಬ್ಬರಾದರೆ 32 ಅಥವಾ ಅದಕ್ಕೂ ಹೆಚ್ಚು. ನಿತ್ಯವೂ ಮಗುವನ್ನು ಹಿಂದೆ ಕೂಡಿಸಿಕೊಂಡು ಶಾಲೆಗೆ ಬಿಡುವವರು ಎರಡನೆಯ ಅಂಕಿಯನ್ನೇ ಅನುಸರಿಸಲಿ. (ಮೂವರಿಗೆ ಅಂಕಿ ಕೊಡುವ ಚೀಟಿಯನ್ನು ಯಾವ ಕಂಪನಿಯೂ ಅಂಟಿಸಿಲ್ಲ.)

ಅಳೆಯಬೇಕಾದುದು ಗಾಲಿ ತಣ್ಣಗಿರುವಾಗ: ಮುಂಜಾನೆ, ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡಿಸುವ ಮೊದಲು. ನಡುಮಧ್ಯಾಹ್ನ ದಾರಿಯಲ್ಲಿ ನಿಲ್ಲಿಸಿ ಅಳೆದು, 36 ತೋರಿಸಿತೆಂದು ಬೆದರಿ ಬಿಡಿಸಿದರೆ ಸಂಜೆ ತಣಿದ ಮೇಲೆ ಅದು 28ಕ್ಕೆ ಇಳಿದಿರುತ್ತದೆ. ಕೆಲವು ನೂರು ರೂಪಾಯಿಗೆ ದೊರೆಯುವ ಸಣ್ಣ ಗೇಜು ಮನೆಯಲ್ಲಿದ್ದರೆ ಈ ಗೊಂದಲವಿಲ್ಲ. ಓದಿ ಬರೆದಿಡುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಬಹುದು. ರಂಧ್ರವಿಲ್ಲದ ಗಾಲಿಯೂ ತಿಂಗಳಿಗೆ ಒಂದೆರಡು ಪಿಎಸ್‌ಐ ಕಳೆದುಕೊಳ್ಳುತ್ತದೆ, ಆದುದರಿಂದ ತಿಂಗಳಿಗೆ ಎರಡು ಬಾರಿಯಾದರೂ ನೋಡುವುದು ಒಳ್ಳೆಯದು. ಪೆಟ್ರೋಲ್ ಪಂಪಿನಲ್ಲಿ ಗಾಳಿ ಉಚಿತ. ಸಾರಜನಕ ತುಂಬಿಸಿರೆಂದು ಹಣ ಕೇಳುವವರಿದ್ದಾರೆ. ನಾವು ಉಸಿರಾಡುವ ಗಾಳಿಯಲ್ಲಿಯೇ 78 ಪಾಲು ಸಾರಜನಕ. ಅದು ತುಸು ನಿಧಾನವಾಗಿ ಸೋರುತ್ತದೆ, ಅಷ್ಟೇ. ಕಾದರೆ ಅದೂ ಹಿಗ್ಗುತ್ತದೆ.

ಪಕ್ಕಗಳಲ್ಲಿ ಬಿರುಕು ಬಿಟ್ಟ ಹಳೆಯ ಟಾಯರನ್ನು ಮಾತ್ರ ಯಾವ ಅಂಕಿಯೂ ಕಾಯದು. ಪಕ್ಕದಲ್ಲಿರುವ ನಾಲ್ಕು ಅಂಕಿಗಳ ಗುರುತು ನೋಡಿರಿ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದುದು. ಸ್ಟೆಪ್ನಿಯ ಮೇಲೂ ಇದೇ ಗುರುತಿರುತ್ತದೆ. ಅದನ್ನು ಹೊರತೆಗೆದಾಗ ಗಾಳಿಯನ್ನೂ ಅಳೆದು, ಸೂಚಿಸಿದ್ದಕ್ಕಿಂತ ಎರಡು ಮೂರು ಪಿಎಸ್‌ಐ ಹೆಚ್ಚಿಗೆ ತುಂಬಿಸಿಟ್ಟರೆ ಸಾಕು. ಬೇಕಾದ ದಿನ ಇಳಿಸಿಕೊಳ್ಳಬಹುದು.