ಕಂಪ್ಯೂಟರ್ ಸತ್ತಿಲ್ಲ, ನಾವು ಕೈಬಿಟ್ಟಿದ್ದೇವೆ

ಮೊನ್ನೆ ನಮ್ಮ ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಹೈಸ್ಕೂಲಿಗೆ ಹೋಗಿದ್ದೆ. ಹೋಗಿದ್ದು ಬೇರೆ ಸುದ್ದಿಗೆ. ಬಿಸಿಯೂಟದ ಕೋಣೆ ಸೋರುತ್ತಿತ್ತು, ಫೋಟೊ ಬೇಕಿತ್ತು. ಪಕ್ಕದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಇಣುಕಿದರೆ, ಹಳೇ ಸೀರೆ ಹೊದ್ದುಕೊಂಡು ಹನ್ನೊಂದು ಕಂಪ್ಯೂಟರ್ ಸಾಲಾಗಿ ಕೂತಿದ್ದವು.

"ಇವೆಲ್ಲಾ ಕೆಟ್ಟಾವೇನ್ರಿ ಸರ?" ಅಂದೆ.

"ಕೆಟ್ಟಿಲ್ರಿ, ಚಾಲೂ ಆಗ್ತಾವು. ರಿಪೇರಿ ಮಾಡಾವ್ರು ಬಂದು ನೋಡಿ, ಇವಕ್ಕ ಇನ್ನ ಸಪೋರ್ಟ್ ಇಲ್ಲ, ಗುಜರಿಗೆ ಹಾಕ್ರಿ ಅಂತ ಹೇಳಿ ಹೋದ್ರು" ಅಂದರು ಮಾಸ್ತರು.

ಈ ಒಂದು ಮಾತಿನ ಮೇಲೆಯೇ ನನ್ನ ಜಗಳ. ಮಷೀನು ಕೆಟ್ಟಿಲ್ಲ, ಕರೆಂಟ್ ಕೊಟ್ಟರೆ ಏಳುತ್ತದೆ, ಕೀಲಿ ಒತ್ತಿದರೆ ಅಕ್ಷರ ಮೂಡುತ್ತದೆ. ಆದರೂ ಅದನ್ನು ಸತ್ತಿದೆ ಎಂದು ಬರೆದುಬಿಟ್ಟಿದ್ದಾರೆ. ಯಾರು ಬರೆದದ್ದು? ಯಾವ ಲೆಕ್ಕದ ಮೇಲೆ?

ನನ್ನ ಬ್ಯಾಗಿನಲ್ಲಿ ಸದಾ ಒಂದು ಲಿನಕ್ಸ್ ಪೆನ್ ಡ್ರೈವ್ ಇರುತ್ತದೆ. ಸೀರೆ ತೆಗೆದು ಒಂದೊಂದಾಗಿ ಹಚ್ಚಿ ನೋಡಿದೆ. ಹನ್ನೊಂದರಲ್ಲಿ ಒಂಬತ್ತು 64 ಬಿಟ್ ಮಷೀನು, ಎರಡು ಮಾತ್ರ 32 ಬಿಟ್. ಇವೆರಡರ ವ್ಯತ್ಯಾಸ ಗೊತ್ತಿಲ್ಲದೆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಗುಜರಿಗೆ ಕಳಿಸುವುದು ಸಾರ್ವಜನಿಕರ ದುಡ್ಡಿಗೆ ಮಾಡುವ ಮೋಸ.

ಬಿಟ್ ಲೆಕ್ಕ ಏನು ಅಂತ ಸರಳವಾಗಿ ಹೇಳುತ್ತೇನೆ. ಕಂಪ್ಯೂಟರಿನ ಪ್ರೊಸೆಸರ್ ಒಂದು ಸಲಕ್ಕೆ ಎಷ್ಟು ಅಗಲದ ಅಂಕಿ ಹಿಡಿಯುತ್ತದೆ ಎಂಬುದು ಅದು. 32 ಬಿಟ್ಟಿನ ವಿಳಾಸದಲ್ಲಿ ಹೆಚ್ಚೆಂದರೆ 4 ಜಿಬಿ ಮೆಮೊರಿಯನ್ನು ಎಣಿಸಬಹುದು. 2003ರಲ್ಲಿ ಎಎಂಡಿ ಕಂಪನಿ ಸಾಮಾನ್ಯ ಪಿಸಿಗೆ 64 ಬಿಟ್ ಚಿಪ್ ತಂದಿತು, ಆಮೇಲೆ ಇಂಟೆಲ್ ಕೂಡ ಅದೇ ದಾರಿ ಹಿಡಿಯಿತು. ಆದರೂ 2008ರ ಸುಮಾರಿಗೆ ಬಂದ ಸಣ್ಣ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿದ್ದ ಇಂಟೆಲ್ ಆಟಂ ಎನ್270 ಚಿಪ್ 32 ಬಿಟ್ಟಿನದೇ. ಅಂಥ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲೇ ನಾನು ಎಂಟು ವರ್ಷದಿಂದ ಸುದ್ದಿ ಬರೆಯುತ್ತಿದ್ದೇನೆ. ಸುದ್ದಿಗಿಷ್ಟು ಎಂದು ದುಡ್ಡು ಎಣಿಸಿಕೊಳ್ಳುವ ಸ್ಟ್ರಿಂಗರ್‌ಗೆ ಹೊಸ ಲ್ಯಾಪ್‌ಟಾಪ್ ಅಂದರೆ ಎಷ್ಟು ತಿಂಗಳ ಸುದ್ದಿ ಎಂದು ಲೆಕ್ಕ ಹಾಕಿದ್ದೇನೆ. ಆಮೇಲೆ ಲೆಕ್ಕ ಹಾಕುವುದನ್ನೇ ಬಿಟ್ಟಿದ್ದೇನೆ.

ಮೊದಲು ಆ ಒಂಬತ್ತು ಮಷೀನಿನ ಮಾತು. ಅವುಗಳ ಮೇಲಿದ್ದದ್ದು ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್‌ನ 8ನೇ ತಲೆಮಾರಿಗಿಂತ ಹಿಂದಿನ ಪ್ರೊಸೆಸರ್‌ಗಳು ಬಹುತೇಕ ಅದರ ಪಟ್ಟಿಯಲ್ಲೇ ಇಲ್ಲ. ರಿಪೇರಿಯವರು "ಸಪೋರ್ಟ್ ಇಲ್ಲ" ಅಂದದ್ದು ಇದನ್ನೇ. ಆದರೆ ಇದು ಒಂದು ಕಂಪನಿಯ ತೀರ್ಮಾನ. ಅದೇ ಮಷೀನಿಗೆ ಡೆಬಿಯನ್ 13 ಎಂಬ ಉಚಿತ ಲಿನಕ್ಸನ್ನು ಇವತ್ತೇ ಹಾಕಬಹುದು. ಯಾರಪ್ಪಣೆಯೂ ಬೇಡ, ಲೈಸೆನ್ಸ್ ದುಡ್ಡೂ ಇಲ್ಲ. ಈ ಒಂಬತ್ತನ್ನು ಗುಜರಿಗೆ ಹಾಕಿ ಎಂದವರಿಗೆ ಒಂದೋ ಗೊತ್ತಿಲ್ಲ, ಇಲ್ಲವೇ ಹೊಸದು ಮಾರುವ ಆಸೆ ಇದೆ.

ಇನ್ನು ಉಳಿದ ಎರಡು. ಅವು, ಜೊತೆಗೆ ನನ್ನ ಲ್ಯಾಪ್‌ಟಾಪ್. ಇಲ್ಲಿ ಕಥೆ ಕಹಿಯಾಗುತ್ತದೆ, ಯಾಕೆಂದರೆ ಇಲ್ಲಿ ಬಾಗಿಲು ಮುಚ್ಚುತ್ತಿರುವವರು ಕಂಪನಿಯವರಲ್ಲ, ನಮ್ಮವರೇ ಎಂದು ನಾವು ನಂಬಿದ್ದ ಮುಕ್ತ ತಂತ್ರಾಂಶದ ಮಂದಿ.

ಉಬುಂಟು 2017ರಲ್ಲೇ ತನ್ನ ಡೆಸ್ಕ್‌ಟಾಪಿನ 32 ಬಿಟ್ ಆವೃತ್ತಿ ನಿಲ್ಲಿಸಿತು. 2025ರ ಆಗಸ್ಟ್ 9ರಂದು ಡೆಬಿಯನ್ 13 ಬಂತು. 32 ಬಿಟ್ ಪಿಸಿಗೆ ಅದರಲ್ಲಿ ಇನ್‌ಸ್ಟಾಲರೂ ಇಲ್ಲ, ಕರ್ನಲ್ಲೂ ಇಲ್ಲ. ಹಳೇ ಮಷೀನಿನವರು ಇದಕ್ಕೆ ಏರಬೇಡಿ ಎಂದು ಅವರೇ ಬರೆದಿದ್ದಾರೆ. ಅದೇ ವರ್ಷ ಫೈರ್‌ಫಾಕ್ಸ್ ಕೂಡ 144ನೇ ಆವೃತ್ತಿಯ ನಂತರ 32 ಬಿಟ್ ಲಿನಕ್ಸಿಗೆ ಬ್ರೌಸರ್ ಕೊಡುವುದಿಲ್ಲ ಎಂದಿತು. ಆ ಸುದ್ದಿ ಓದಿದ ರಾತ್ರಿ ನನಗೆ ಬಂದ ಸಿಟ್ಟು ಹೇಳತೀರದು. "ಬಡವರ ಪರ ಅಂತ ಹೇಳಿಕೊಂಡು ತಿರುಗುವವರು ಬಡವರ ಮಷೀನನ್ನೇ ಬಿಟ್ಟರು" ಎಂದು ಬರೆಯಲು ಕೂತೆ.

ಬರೆಯುವ ಮುಂಚೆ ಬೇರೆ ಮಷೀನುಗಳ ಗತಿ ಏನಾಯಿತು ಎಂದು ನೋಡಿದೆ. ಆಗ ನನ್ನ ಸಿಟ್ಟು ಬೇರೆ ಕಡೆ ತಿರುಗಿತು.

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಲಿನಕ್ಸ್ ಬರೆದದ್ದು 386 ಪ್ರೊಸೆಸರ್ ಇದ್ದ ಪಿಸಿಯ ಮೇಲೆ. 2012ರ ಡಿಸೆಂಬರಿನಲ್ಲಿ ಆ 386ರ ಬೆಂಬಲವನ್ನೇ ತೆಗೆದರು. ಹುಟ್ಟಿದ ತೊಟ್ಟಿಲನ್ನೇ ಅಟ್ಟಕ್ಕೆ ಹಾಕಿದ ಹಾಗೆ. 2018ರಲ್ಲಿ ಒಂದೇ ಏಟಿಗೆ ಎಂಟು ಬಗೆಯ ಪ್ರೊಸೆಸರ್‌ಗಳ ಕೋಡನ್ನು ಕಿತ್ತರು. ಅವನ್ನು ಬಳಸುವವರೂ ಇರಲಿಲ್ಲ, ನೋಡಿಕೊಳ್ಳುವವರೂ ಇರಲಿಲ್ಲ.

ಈಗ ಎರಡು ಚಿಪ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಐಟೇನಿಯಂ. ಇಂಟೆಲ್ ಮತ್ತು ಎಚ್‌ಪಿ ಎಂಬ ಎರಡು ದೊಡ್ಡ ಮನೆಗಳು ಸೇರಿ ಬೆಳೆಸಿದ ಕೂಸು, ಮಾರುಕಟ್ಟೆಗೆ ಬಂದದ್ದು 2001ರಲ್ಲಿ. ಮಾರಾಟ 2021ರಲ್ಲಿ ನಿಂತಿತು, 2024ರ ಜನವರಿಯಲ್ಲಿ ಬಂದ ಲಿನಕ್ಸ್ 6.7ರಲ್ಲಿ ಅದರ ಕೋಡೇ ಇರಲಿಲ್ಲ. ಇನ್ನೊಂದು ಮೊಟೊರೊಲಾ 68000 ಕುಟುಂಬ. ಮೊದಲ ಚಿಪ್ 1979ರದು. ಹಳೇ ಆಪಲ್ ಮ್ಯಾಕ್, ಅಮಿಗಾ, ಅಟಾರಿಗಳಲ್ಲಿ ಇದ್ದದ್ದು. ಈ ಕುಟುಂಬದ ಕೋಡ್ ಇನ್ನೂ ಲಿನಕ್ಸಿನಲ್ಲಿ ಇದೆ! ಅದನ್ನು ಸಾಕುತ್ತಿರುವವರು ಬೆರಳೆಣಿಕೆಯ ಹವ್ಯಾಸಿಗಳು. ಪ್ರತಿ ಹೊಸ ಆವೃತ್ತಿ ಬಂದಾಗ ಹಾಕಿ ನೋಡುತ್ತಾರೆ, ಮುರಿದದ್ದನ್ನು ಹೇಳುತ್ತಾರೆ, ತಿದ್ದುತ್ತಾರೆ.

ಅಂದರೆ ಉಳಿಸಿದ್ದು ಹಣವಲ್ಲ, ಕೊಂದದ್ದು ವಯಸ್ಸಲ್ಲ. ಹಿಂದೆ ಯಾರಾದರೂ ಜನ ನಿಂತಿದ್ದಾರೋ ಇಲ್ಲವೋ ಎಂಬುದೊಂದೇ ಲೆಕ್ಕ.

ನಮ್ಮ ಹಿಂದೆ ಯಾರು ನಿಂತಿದ್ದಾರೆ? ಡೆಬಿಯನ್‌ನಲ್ಲಿ ಪಾಪ್‌ಕಾನ್ ಎಂಬ ಒಂದು ಪದ್ಧತಿ ಇದೆ. ಯಾವ ಮಷೀನಿನಲ್ಲಿ ಯಾವ ಸಾಫ್ಟ್‌ವೇರ್ ಬಳಕೆಯಲ್ಲಿದೆ ಎಂದು ಒಪ್ಪಿದವರಿಂದ ಲೆಕ್ಕ ತರಿಸಿಕೊಳ್ಳುವುದು. ಇನ್‌ಸ್ಟಾಲ್ ಮಾಡುವಾಗ ಕೇಳುತ್ತದೆ, ಸುಮ್ಮನೆ ಎಂಟರ್ ಒತ್ತಿದರೆ "ಬೇಡ" ಎಂದೇ ದಾಖಲಾಗುತ್ತದೆ. ನಾನೂ ಹಾಗೇ ಒತ್ತಿದವನು. ಇನ್ನು ಇಂಟರ್ನೆಟ್ಟೇ ಇಲ್ಲದ ಶಾಲೆಯ ಮಷೀನು "ಹೂಂ" ಎಂದರೂ ಅದರ ಲೆಕ್ಕ ಊರು ದಾಟುವುದಿಲ್ಲ. ರೇಷನ್ ಕಾರ್ಡಿನ ಪಟ್ಟಿಯಲ್ಲಿ ಹೆಸರಿಲ್ಲದ ಮನೆಗೆ ಅಕ್ಕಿ ಯಾಕೆ ಬರುವುದಿಲ್ಲ ಎಂದು ನಮಗೆ ಚೆನ್ನಾಗಿ ಗೊತ್ತು. ಇಲ್ಲೂ ಅದೇ. ಪಟ್ಟಿಯಲ್ಲಿ ಇಲ್ಲದವರು ಲೋಕದಲ್ಲೇ ಇಲ್ಲ.

ಎಂಟು ವರ್ಷ ಡೆಬಿಯನ್ನನ್ನು ಬಿಟ್ಟಿ ಬಳಸಿದೆ. ಎಂಟು ವರ್ಷದಲ್ಲಿ ಒಂದು ಸಲವೂ "ಇಲ್ಲಿ ಹೀಗೆ ಮುರಿದಿದೆ" ಎಂದು ಅವರಿಗೆ ಒಂದು ಸಾಲು ಬರೆಯಲಿಲ್ಲ. ಮುಕ್ತ ತಂತ್ರಾಂಶ ಅಂದರೆ ಊರ ಕೆರೆ ಇದ್ದ ಹಾಗೆ. ನೀರು ಎಲ್ಲರಿಗೂ. ಹೂಳೆತ್ತುವ ದಿನ ಮಾತ್ರ ನಾನು ಊರಲ್ಲಿ ಇರಲಿಲ್ಲ. ಕೆರೆ ಒಣಗಿದಾಗ ಸಿಟ್ಟು ಮಾಡುವ ಹಕ್ಕು ನನಗೆ ಎಷ್ಟಿದೆ?

ಹಾಗಂತ ಅವರನ್ನು ಪೂರಾ ಬಿಟ್ಟುಕೊಡಲಾರೆ. ಒಂದು ಬಗೆಯ ಪ್ರೊಸೆಸರ್ ಸಾಕುವುದು ಸಣ್ಣ ಕೆಲಸವಲ್ಲ, ಒಪ್ಪುತ್ತೇನೆ. ಸಾವಿರಾರು ಸಾಫ್ಟ್‌ವೇರ್‌ಗಳನ್ನು ಅದಕ್ಕೆಂದೇ ಮತ್ತೆ ಕಟ್ಟಬೇಕು, ಪರೀಕ್ಷಿಸಬೇಕು. 2038ರ ಜನವರಿ 19ಕ್ಕೆ ಹಳೇ 32 ಬಿಟ್ ಗಡಿಯಾರದ ಎಣಿಕೆ ತುಂಬಿಹೋಗುತ್ತದೆ, ಆ ತೊಂದರೆಯೂ ಇದೆ. ಆದರೆ ನಿಲ್ಲಿಸುವ ಮುಂಚೆ "ಯಾರಾದರೂ ಬಳಸುತ್ತಿದ್ದೀರಾ" ಎಂದು ಇಂಗ್ಲಿಷ್ ಮೇಲ್ ಬರುವ ಜನರನ್ನಷ್ಟೇ ಕೇಳಿದರೆ ಸಾಲದು. ಮೌನವನ್ನು ಒಪ್ಪಿಗೆ ಎಂದು ತಿಳಿಯಬೇಡಿ. ಹಳೇ ಮಷೀನು ಕೊನೆಗೆ ಬಂದು ಸೇರುವ ಜಾಗವೇ ನಮ್ಮಂಥ ಊರು. ಅಲ್ಲಿ ಮಾತಾಡುವವರು ಕಡಿಮೆ.

"ಹಳೇ ಮಷೀನು ಕರೆಂಟ್ ತಿನ್ನುತ್ತದೆ, ಮೊಬೈಲೇ ವಾಸಿ" ಎಂಬ ಮಾತೂ ಬರುತ್ತದೆ. ಅದರಲ್ಲಿ ಅರ್ಧ ನಿಜ ಇದೆ. ಹಳೇ ಪೆಂಟಿಯಂ 4 ಡಬ್ಬಿ ಕರೆಂಟ್ ತಿನ್ನುವುದು ಹೌದು. ಅದರಲ್ಲಿ ಇವತ್ತಿನ ವಿಡಿಯೊ ನೋಡಲು ಕೂತರೆ ತಾಳ್ಮೆಯೂ ಕೆಡುತ್ತದೆ. ಆದರೆ ಮಗುವಿಗೆ ಹತ್ತು ಬೆರಳಲ್ಲಿ ಕನ್ನಡ ಟೈಪಿಂಗ್ ಕಲಿಸಲು, ಲೆಕ್ಕದ ಹಾಳೆ ತೋರಿಸಲು, ನಾಲ್ಕು ಸಾಲು ಪ್ರೋಗ್ರಾಂ ಬರೆಸಲು ಮೊಬೈಲ್ ಪರದೆ ಸಾಲದು. ನುಡಿಯ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಸಿಗುತ್ತದೆ, ಯೂನಿಕೋಡ್ ಕನ್ನಡದಲ್ಲೇ ಬರೆಯಬಹುದು. ಈ ಬರಹವೂ ಹಾಗೇ ಬರೆದದ್ದು.

ಹಾಗಾದರೆ ಏನು ಮಾಡಬೇಕು?

ಸರ್ಕಾರಕ್ಕೆ ಒಂದು ಮಾತು: ಯಾವ ಶಾಲೆಯ ಕಂಪ್ಯೂಟರನ್ನೂ ಲಿನಕ್ಸ್ ಹಾಕಿ ನೋಡದೆ ಗುಜರಿ ಪಟ್ಟಿಗೆ ಸೇರಿಸಕೂಡದು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಕೈಟ್ ಎಂಬ ಸರ್ಕಾರಿ ಸಂಸ್ಥೆ ತಾನೇ ಹೊಂದಿಸಿದ ಲಿನಕ್ಸ್ ನಡೆಸುತ್ತಿದೆ, ಶಿಕ್ಷಕರಿಗೆ ತರಬೇತಿಯನ್ನೂ ಕೊಡುತ್ತಿದೆ. ನಮಗೇನು ಕೈಯಿಲ್ಲವೇ? ಅಂಥ ಒಂದು ತಂಡ ಇಲ್ಲಿದ್ದರೆ ನಮ್ಮ ಹಳೇ ಮಷೀನುಗಳ ಪರ ಮಾತಾಡಲು ಒಂದು ಬಾಯಿ ಇರುತ್ತಿತ್ತು.

ನಮಗೆ ನಾವೇ ಹೇಳಿಕೊಳ್ಳಬೇಕಾದ್ದು: 32 ಬಿಟ್ ಮಷೀನಿಗೆ ಇನ್ನೂ ಹೊತ್ತು ಮುಳುಗಿಲ್ಲ. ಡೆಬಿಯನ್ 12ಕ್ಕೆ 2028ರ ಜೂನ್‌ವರೆಗೆ ದೀರ್ಘಾವಧಿ ಬೆಂಬಲ ಹೇಳಿದ್ದಾರೆ. ಅದರ ಮೇಲೆ ಕಟ್ಟಿದ ಆಂಟಿಎಕ್ಸ್ 23 ಕಡಿಮೆ ಮೆಮೊರಿಯಲ್ಲೂ ಓಡುತ್ತದೆ. ಆಮೇಲೆ ಇಂಟರ್ನೆಟ್ ತಂತಿ ಕಿತ್ತು ಟೈಪಿಂಗ್ ಕಲಿಯಲು ಇಟ್ಟುಕೊಳ್ಳಬಹುದು. ಅಷ್ಟರೊಳಗೆ ನಮ್ಮಲ್ಲಿ ನಾಲ್ಕು ಜನ ಹುಡುಗರು ಹೊಸದನ್ನು ಹಾಕಿ ನೋಡಿ, ಮುರಿದದ್ದನ್ನು ಬರೆದು ಕಳಿಸುವುದು ಕಲಿತರೆ, ಮುಂದಿನ ಸಲ ಬಾಗಿಲು ಮುಚ್ಚುವ ಮುಂಚೆ ನಮ್ಮನ್ನು ಕೇಳಬೇಕಾಗುತ್ತದೆ. ಇವತ್ತು 32 ಬಿಟ್, ಹತ್ತು ವರ್ಷ ಬಿಟ್ಟರೆ ಈಗಿನ ಮಷೀನುಗಳ ಸರದಿ.

ಆ ಶಾಲೆಯ ಒಂಬತ್ತು ಕಂಪ್ಯೂಟರಿಗೆ ಡೆಬಿಯನ್ 13 ಹಾಕಲು ಮಾಸ್ತರು ಭಾನುವಾರ ಬಾ ಎಂದಿದ್ದಾರೆ. ಉಳಿದ ಎರಡಕ್ಕೆ ಡೆಬಿಯನ್ 12. ಈ ಸಲ ಪಾಪ್‌ಕಾನ್ ಕೇಳಿದಾಗ "ಹೂಂ" ಒತ್ತುತ್ತೇನೆ. ಶಾಲೆಯಲ್ಲಿ ನೆಟ್ ಇಲ್ಲ, ನನ್ನ ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿ ಲೆಕ್ಕ ಕಳಿಸುತ್ತೇನೆ.

ನಿಮ್ಮೂರ ಶಾಲೆಯಲ್ಲೋ ಪಂಚಾಯಿತಿಯಲ್ಲೋ ಸೀರೆ ಹೊದ್ದು ಕೂತ ಕಂಪ್ಯೂಟರ್ ಇದ್ದರೆ ಒಮ್ಮೆ ಸೀರೆ ಎತ್ತಿ ನೋಡಿ. ವಿಂಡೋಸ್ ಇದ್ದರೆ ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್ ಎಂಬಲ್ಲಿ 64 ಬಿಟ್ ಪ್ರೊಸೆಸರ್ ಹೌದೋ ಅಲ್ಲವೋ ಎಂದು ಬರೆದಿರುತ್ತದೆ. ಎಷ್ಟು 32, ಎಷ್ಟು 64, ಎಷ್ಟು ಚಾಲೂ ಆಗುತ್ತವೆ ಎಂದು ನಮಗೆ ಬರೆದು ಕಳಿಸಿ. ನಾವು ಪಟ್ಟಿ ಮಾಡುತ್ತೇವೆ. ಮೊದಲು ಎಣಿಕೆಗೆ ಬರೋಣ, ಆಮೇಲೆ ಜಗಳ ಮಾಡೋಣ.