ರಕ್ಕಸ-ತಂಗಡಗಿಯಿಂದ ಏನನ್ನು ಹೊತ್ತು ತರಬೇಕು?

ಕೋಶ ಓದಬೇಕು, ದೇಶ ಸುತ್ತಬೇಕೆಂದು ಹಿರಿಯರು ಹೇಳಿದ್ದಾರೆ. ಈಚೆಗೆ ಸುತ್ತುವುದು ಹೆಚ್ಚಿದೆ, ಓದುವುದು ಹಿಂದೆ ಬಿದ್ದಿದೆ. ಒಂದೇ ಹಗಲಿನಲ್ಲಿ ವಿಜಯಪುರದ ಗೋಳಗುಮ್ಮಟ, ಮಲಿಕ್-ಎ-ಮೈದಾನ್ ತೋಪು, ತಾಳಿಕೋಟೆ, ಕೃಷ್ಣಾತೀರದ ರಕ್ಕಸಗಿ-ತಂಗಡಗಿಗಳನ್ನು ನೋಡಿ ಮುಗಿಸಿ ಸಂಜೆಗೆ ಕೂಡಲಸಂಗಮವನ್ನು ಸೇರುವವರುಂಟು. ಹಾಗೆ ಹೋಗಿಬಂದ ತರುಣರನ್ನು ಏನು ತಿಳಿದು ಬಂದಿರೆಂದು ಕೇಳಿದರೆ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ: 'ಹಿಂದೂ ಸಾಮ್ರಾಜ್ಯವನ್ನು ಮುಸಲ್ಮಾನರು ಹಾಳುಮಾಡಿದ ಸ್ಥಳ.' ಇಷ್ಟನ್ನು ಹೇಳುವುದಕ್ಕೆ ಅಲ್ಲಿಯವರೆಗೆ ಹೋಗುವ ಶ್ರಮವೇಕೆ? ಮನೆಯಲ್ಲಿ ಕುಳಿತೂ ಹೇಳಬಹುದಾಗಿತ್ತು.

ವಾಚಕರೇ, ಮೊದಲು ಸಂಗತಿಗಳನ್ನು ಗಮನಿಸಿರಿ. ತಾಳಿಕೋಟೆಯ ಕದನವೆಂದು ಹೆಸರಾದ ಯುದ್ಧ ತಾಳಿಕೋಟೆಯಲ್ಲಿ ನಡೆಯಲಿಲ್ಲ. 1564ರ ಡಿಸೆಂಬರಿನಲ್ಲಿ ಸುಲ್ತಾನರ ಸೇನೆಗಳು ಅಲ್ಲಿಂದ ದಕ್ಷಿಣಕ್ಕೆ ಹೊರಟವು. 1565ರ ಜನವರಿ 23ರಂದು ಕೃಷ್ಣೆಯ ಆಸುಪಾಸಿನಲ್ಲಿ ಕಾಳಗವಾಯಿತು. ರಕ್ಕಸ-ತಂಗಡಗಿಯೆಂದು ಕೆಲವರು, ಬನ್ನಿಹಟ್ಟಿಯೆಂದು ಕೆಲವರು ವಿದ್ವಾಂಸರು ಅದನ್ನು ಕರೆಯುತ್ತಾರೆ. ವಿಜಯಪುರದ ತೋಪನ್ನು ತೋರಿಸಿ 'ಆ ದಿನ ಸಿಡಿದದ್ದು ಇದೇ' ಎನ್ನುವುದುಂಟು. ಆದರೆ 1549ರಲ್ಲಿ ಅಹಮದನಗರದಲ್ಲಿ ಎರಕಗೊಂಡ ಆ ತೋಪು ಬಿಜಾಪುರಕ್ಕೆ ಬಂದುದು ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ, 17ನೆಯ ಶತಮಾನದಲ್ಲಿ.

ಇನ್ನು ಧರ್ಮಯುದ್ಧದ ಮಾತು. ಕೃಷ್ಣೆಯ ಉತ್ತರದ ಸುಲ್ತಾನರು ಅದುವರೆಗೆ ಒಬ್ಬರ ಮೇಲೊಬ್ಬರು ಹಗೆ ಸಾಧಿಸುತ್ತಿದ್ದವರು. ಆ ಹಗೆಯನ್ನು ಬಳಸಿಕೊಂಡೇ ಅಳಿಯ ರಾಮರಾಯನು ಪ್ರಬಲನಾದನು. ಗೋಲ್ಕೊಂಡದ ಇಬ್ರಾಹಿಂ ಕುತುಬಶಹನು ಅರಸನಾಗುವ ಮುನ್ನ ಏಳು ವರ್ಷ ಆಶ್ರಯ ಪಡೆದದ್ದು ವಿಜಯನಗರದಲ್ಲಿಯೇ. ಬಿಜಾಪುರದ ಅಲಿ ಆದಿಲಶಹನು ರಾಮರಾಯನೊಡನೆ ಕೂಡಿ ಅಹಮದನಗರದ ಮೇಲೆ ದಂಡೆತ್ತಿ ಹೋಗಿದ್ದನು. ಅದೇ ಅಲಿಗೆ ಅಹಮದನಗರದ ಹುಸೇನ್ ನಿಜಾಮಶಹನು ಮಗಳಾದ ಚಾಂದಬೀಬಿಯನ್ನೂ ಸೊಲ್ಲಾಪುರದ ಕೋಟೆಯನ್ನೂ ಕೊಟ್ಟ ಮೇಲೆ ಕೂಟ ಗಟ್ಟಿಯಾಯಿತು. ಬೀದರದವನೂ ಸೇರಿದನು, ಬೇರಾರದವನು ಸೇರಲಿಲ್ಲ. ಸುಲ್ತಾನರ ಸೇನೆಯಲ್ಲಿ ಮರಾಠಾ ಸವಾರರಿದ್ದರು, ವಿಜಯನಗರದ ಸೇನೆಯಲ್ಲಿ ಮುಸಲ್ಮಾನ ದಳಗಳಿದ್ದವು. ಗೆದ್ದವರ ಒಗ್ಗಟ್ಟಾದರೂ ಬಾಳಿತೇ? ಕೃಷ್ಣೆಯ ನೀರಿನಲ್ಲಿ ನೆತ್ತರ ಬಣ್ಣ ಮಾಸುವಷ್ಟರಲ್ಲಿ ಮತ್ತೆ ಕಚ್ಚಾಡಿದರು; ಕೊನೆಗೆ ಬಿಜಾಪುರ 1686ರಲ್ಲಿ, ಗೋಲ್ಕೊಂಡ 1687ರಲ್ಲಿ ಮೊಗಲರ ಪಾಲಾದವು. ಆ ಮೊಗಲರಾದರೂ ಪರಮತದವರಲ್ಲ.

ಇದನ್ನು ಕೇಳಿ ಇನ್ನೊಂದು ಪಕ್ಷದವರು ಹಿಗ್ಗಬೇಕಾಗಿಲ್ಲ. 'ಅದೆಲ್ಲ ಬರಿಯ ರಾಜಕಾರಣ, ಮತದ ಮಾತೇ ಇರಲಿಲ್ಲ' ಎಂದು ತೇಲಿಸಿಬಿಡುವ ಪಂಡಿತರನ್ನೂ ನಾವು ಒಪ್ಪಲಾರೆವು. ಹಂಪೆಯ ವಿಠಲ ದೇವಾಲಯದ ಕಲ್ಲುಗಳು ಬೆಂಕಿಯ ಗುರುತನ್ನು ಹೊತ್ತು ನಿಂತಿವೆ. ಭಗ್ನಮೂರ್ತಿಗಳು ತಾವಾಗಿಯೇ ಭಗ್ನವಾದವೇನು? ಕೆಟ್ಟದ್ದನ್ನು ಕೆಟ್ಟದ್ದೆಂದು ಹೇಳಲು ಅಂಜುವುದು ಸಹಿಷ್ಣುತೆಯಲ್ಲ, ಹೇಡಿತನ. ಆದರೆ ಅಂದು ಸೇನೆಗಳು ಮಾಡಿದ ಪಾಪವನ್ನು ಇಂದು ನೆರೆಯಲ್ಲಿ ಉತ್ತು ಬಿತ್ತಿ ಬದುಕುವವನ ತಲೆಗೆ ಕಟ್ಟುವುದು ನ್ಯಾಯವೂ ಅಲ್ಲ, ಧರ್ಮವೂ ಅಲ್ಲ.

ಎರಡು ಪಕ್ಷದವರೂ ಕೇಳದಿರುವ ಪ್ರಶ್ನೆಯೊಂದಿದೆ: ಆ ಪಟ್ಟಣದ ಪ್ರಜೆಗಳನ್ನು ಕಾಯಬೇಕಾದವರು ಎಲ್ಲಿದ್ದರು? ಹೆಸರಿಗೆ ಅರಸನಾಗಿದ್ದ ಸದಾಶಿವರಾಯನು ಸೆರೆಯಾಳಿನಂತಿದ್ದನು. ಮುಪ್ಪಿನ ರಾಮರಾಯನು ರಣದಲ್ಲಿ ಸಿಕ್ಕಿ ತಲೆ ಕಳೆದುಕೊಂಡ ಸುದ್ದಿ ಮುಟ್ಟಿದೊಡನೆ ಸೇನೆ ಚದುರಿತು. ತಮ್ಮನಾದ ತಿರುಮಲನು ಭಂಡಾರವನ್ನು ಆನೆಗಳ ಮೇಲೆ ಹೇರಿಸಿ, ಸದಾಶಿವರಾಯನನ್ನೂ ಕರೆದುಕೊಂಡು ಪೆನುಕೊಂಡೆಗೆ ನಡೆದುಬಿಟ್ಟನು. ರಣರಂಗದಿಂದ ರಾಜಧಾನಿಗೆ ಸುಮಾರು 100 ಕಿಲೋಮೀಟರ್. ಕೋಟೆಯ ಮೇಲೆ ಕೋಟೆಯಿದ್ದ ನಗರ ಅದು; ಆದರೂ ಕಾದಾಡದೆಯೇ ಶತ್ರುವಿನ ಕೈಸೇರಿತು. ಹೊನ್ನಿಗೆ ಆನೆ ದೊರೆಯಿತು, ಪ್ರಜೆಗೆ ಕಾಲುದಾರಿಯೂ ದೊರೆಯಲಿಲ್ಲ! ಎರಡು ವರ್ಷಗಳ ತರುವಾಯ, 1567ರಲ್ಲಿ, ಅಲ್ಲಿ ತಂಗಿದ್ದ ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕನು ಮನೆಗಳು ನಿಂತಿದ್ದರೂ ಬರಿದಾಗಿದ್ದ ಊರನ್ನು ಕಂಡು ಬರೆದಿದ್ದಾನೆ. ಪ್ರಜೆಯನ್ನು ಬಿಟ್ಟು ಭಂಡಾರವನ್ನು ಉಳಿಸಿಕೊಳ್ಳುವ ಆಳ್ವಿಕೆಗೆ ಯಾವ ಮತದ ಹೆಸರಿಟ್ಟರೇನು?

ಇನ್ನೊಂದು ಸಂಗತಿ. ಯಾವ ತಂಗಡಗಿಯ ಹೆಸರು ಈ ಯುದ್ಧಕ್ಕೆ ಅಂಟಿದೆಯೋ ಅದೇ ತಂಗಡಗಿ ಶರಣೆ ನೀಲಮ್ಮನವರ ಐಕ್ಯಸ್ಥಳ. ಅಪ್ಪ ಬಸವಣ್ಣನವರ ಕರೆಗೆ ಓಗೊಟ್ಟು, ಹಡಪದ ಅಪ್ಪಣ್ಣನವರೊಡನೆ ಕಲ್ಯಾಣದಿಂದ ಹೊರಟ ಆ ತಾಯಿ ಸಂಗಮವನ್ನು ಮುಟ್ಟುವ ಮೊದಲೇ ಇಲ್ಲಿ ಲಿಂಗದಲ್ಲಿ ಒಂದಾದರೆಂದು ನಮ್ಮ ಪರಂಪರೆ ನಂಬಿದೆ. ಯುದ್ಧಕ್ಕೆ ನಾನೂರು ವರ್ಷಗಳ ಹಿಂದಿನ ಮಾತು. ಅಂದು ಕಲ್ಯಾಣದಲ್ಲಿ ಶರಣರ ಮೇಲೆ ಕತ್ತಿ ಹಿರಿದವರು ಯಾರು? ಹೊರನಾಡಿನಿಂದ ಬಂದ ತುರುಕರೇ? ಅಲ್ಲ, ಕಲ್ಯಾಣದ ಅರಸೊತ್ತಿಗೆಯ ದಂಡೇ. ಅಧಿಕಾರಮದಕ್ಕೆ ಜಾತಿಯಿಲ್ಲ, ಮತವಿಲ್ಲ. ಒಂದೇ ದಂಡೆಯ ಮೇಲೆ ಎರಡು ಪಾಠಗಳು ಬರೆದಿರುವಾಗ ಒಂದನ್ನೂ ಓದದೆ ಮರಳುವವನನ್ನು ಯಾತ್ರಿಕನೆಂದು ಕರೆಯುವುದು ಹೇಗೆ?

ಆದುದರಿಂದ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುವ ಉಪಾಧ್ಯಾಯರಲ್ಲಿ ನಮ್ಮ ಬಿನ್ನಹವಿಷ್ಟೆ: ಹೊರಡುವ ಮೊದಲು ನೀವು ಓದಿರಿ, ಮಕ್ಕಳಿಗೂ ಓದಿಸಿರಿ. ಹೊಳೆಯ ದಡದಲ್ಲಿ ನಿಲ್ಲಿಸಿ 'ಯಾರು ಗೆದ್ದರು?' ಎಂದು ಕೇಳುವುದಕ್ಕಿಂತ 'ಸತ್ತವರು ಯಾರು? ಯಾರಿಗಾಗಿ ಸತ್ತರು?' ಎಂದು ಕೇಳಿರಿ. ಸತ್ತವರಲ್ಲಿ ಒಕ್ಕಲಿಗನಿದ್ದ, ಬೇಡನಿದ್ದ, ಮುಸಲ್ಮಾನನಿದ್ದ, ಮರಾಠನಿದ್ದ. ಅವರ ಹೆಂಡಿರು ಮಕ್ಕಳ ಕಣ್ಣೀರು ಯಾವ ಬಖೈರಿನಲ್ಲಿಯೂ ಸೇರಿಲ್ಲ. ಆ ಬಳಿಕ ನೀಲಮ್ಮನವರ ಸನ್ನಿಧಿಯಲ್ಲಿ ಅರ್ಧ ಘಳಿಗೆ ಮೌನವಾಗಿ ಕುಳ್ಳಿರಿಸಿರಿ.

ರಣರಂಗದಿಂದ ಹಗೆಯನ್ನು ಹೊತ್ತು ತರುವವನು ಆ ಯುದ್ಧವನ್ನು ಮುಂದುವರಿಸುತ್ತಾನೆ. ವಿವೇಕವನ್ನು ತರುವವನು ಮಾತ್ರ ಅದನ್ನು ಮುಗಿಸುತ್ತಾನೆ. ಮುಗಿಯಬೇಕಾದ ಯುದ್ಧವಿದು, ನಾನೂರೈವತ್ತು ವರ್ಷಗಳು ಸಾಲವೇ?